ಗಿಣಿಗೆ ಕಟ್ಟಿದ ಕ್ಯಾಸೆಟ್ಟುಗಳು

ಮೊನ್ನೆ ಮಗ ಗುಂಡ್ಲುಪೇಟೆಯ ಗೊಬ್ಬರದಂಗಡಿಯಿಂದ ಒಂದು ಸುರುಳಿ ರಿಬ್ಬನ್ ತಂದ. ಒಂದು ಮಗ್ಗುಲು ಕೆಂಪು, ಇನ್ನೊಂದು ಮಗ್ಗುಲು ಬೆಳ್ಳಿ ಬಣ್ಣ. ಸೂರ್ಯಕಾಂತಿ ಕಾಳು ಕಟ್ಟುವ ಹೊತ್ತಿಗೆ ಹೊಲದ ಸುತ್ತ ಗೂಟ ನೆಟ್ಟು ಇದನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ. ಗಿಣಿಗಳು ಹೆದರಿ ಪಕ್ಕದವರ ಹೊಲಕ್ಕೆ ಹೋಗುತ್ತವೆ. ಪಕ್ಕದವರೂ ಕಟ್ಟಿದರೆ ಅದರಾಚೆಯ ಹೊಲಕ್ಕೆ. ಎಲ್ಲರೂ ಕಟ್ಟಿಬಿಟ್ಟರೆ ಗಿಣಿಗಳು ಏನು ತಿನ್ನಬೇಕು ಅಂತ ನನ್ನನ್ನು ಕೇಳಬೇಡಿ, ನಾನು ಗಿಣಿಗಳ ಕಡೆಯವಳಲ್ಲ.

ಮಗ ಕಟ್ಟಿ ಮುಗಿಸಿದ ಮೇಲೆ ನೋಡಿಕೊಂಡು ಬರೋಣ ಅಂತ ಹೋಗಿ ಬದುವಿನ ಮೇಲೆ ಕೂತೆ. ಬಂಡೀಪುರದ ಕಡೆಯಿಂದ ಗಾಳಿ ಬೀಸಿತು. ರಿಬ್ಬನ್ ಗುಂಯ್ ಅಂದಿತು. ಕೂತಿದ್ದವಳಿಗೆ ಕೂತಲ್ಲೇ ಮುಖ ಬಿಸಿಯಾಯಿತು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ, ಆದರೂ ಸೆರಗಿನಿಂದ ಮುಖ ಒರೆಸಿಕೊಂಡೆ. ಈ ವಯಸ್ಸಿನಲ್ಲಿ ಒಂದು ದಾರದ ಸದ್ದಿಗೆ ನಾಚಿಕೆಪಡುವವಳು ಎಂಥವಳು ಅಂತ ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ತಾಳಿ.

ನನಗೆ ಎಪ್ಪತ್ತು ದಾಟಿದೆ. ಉಡಿಗಾಲದಲ್ಲಿ ಹುಟ್ಟಿ ಹಂಗಳದ ಈ ಮನೆಗೆ ಸೊಸೆಯಾಗಿ ಬಂದವಳು. ನಾಲ್ಕನೇ ಕ್ಲಾಸಿನ ತನಕ ಓದಿದ್ದೇನೆ, ಅದೂ ಮೇಷ್ಟ್ರು ಬಾರದ ದಿನಗಳನ್ನೂ ಸೇರಿಸಿ ಲೆಕ್ಕ ಹಿಡಿದರೆ. ಗೋಳಾಡುವುದು ನನಗೆ ಒಗ್ಗುವುದಿಲ್ಲ. ಯಜಮಾನರು ತೀರಿಕೊಂಡ ದಿನ ಕೂಡ ಮೊದಲು ಎಮ್ಮೆಗೆ ನೀರು ಕುಡಿಸಿ, ಆಮೇಲೆ ಕೂತು ಅತ್ತವಳು ನಾನು. ಹಾಗಾಗಿ ಇದನ್ನು ಓದಿ ನಿಮ್ಮ ಕಣ್ಣಲ್ಲಿ ನೀರು ಬರಲಿ ಅಂತ ಬರೆಯುತ್ತಿಲ್ಲ. ಮಾಡಿದ್ದನ್ನು ಮಾಡಿದ ಹಾಗೆ ಹೇಳಿ ಮುಗಿಸಬೇಕು, ಅಷ್ಟೆ.

ನನ್ನ ಸೊಸೆ ಸುಮ ಚಾಮರಾಜನಗರದ ಹುಡುಗಿ. ಮದುವೆಯಾಗಿ ಬಂದಾಗ ಒಂದು ಕಬ್ಬಿಣದ ಬೀರು, ಒಂದು ಟೇಪ್ ರೆಕಾರ್ಡರು, ಒಂದು ಬಿಸ್ಕತ್ತಿನ ಡಬ್ಬದ ತುಂಬ ಕ್ಯಾಸೆಟ್ಟು ತಂದಳು. ದೇವರ ಹಾಡಿರಬೇಕು ಅಂದುಕೊಂಡೆ. ಮೊದಲನೆಯ ದಿನ ಹಾಕಿದಳು ನೋಡಿ, ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತು. ಇಂಗ್ಲೀಷಿನವರ ಮೇಳ ಅದು. ನಾಲ್ಕೈದು ಜನ ಗಂಡಸರು, ತಲೆಗೂದಲು ನನಗಿಂತ ಉದ್ದ. ಮೈಸೂರಿನಲ್ಲಿ ಪಿಯುಸಿ ಓದುವಾಗ ಹಾಸ್ಟೆಲಿನಲ್ಲಿ ಊಟಿಯ ಹುಡುಗಿಯೊಬ್ಬಳು ಇವಳಿಗೆ ಆ ಹುಚ್ಚು ಹತ್ತಿಸಿದ್ದಳಂತೆ. ಮೇಳದ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. "ಸುಮನ ಕಡೆಯೋರು" ಅನ್ನುತ್ತಿದ್ದೆ, ಅವಳ ಸೋದರಮಾವಂದಿರೋ ಎನ್ನುವ ಹಾಗೆ. "ಸುಮ, ನಿನ್ನ ಕಡೆಯೋರು ಇವತ್ತು ಬಾಯಿ ಮುಚ್ಕಂಡವ್ರಲ್ಲ, ಜ್ವರವಾ?" ಅಂದರೆ ನಕ್ಕು ಹೋಗಿ ಟೇಪು ಹಾಕುತ್ತಿದ್ದಳು.

ಮಗ ಕಾಡಿನ ಇಲಾಖೆಯಲ್ಲಿ ವಾಚರ್. ಮೂರು ದಿನ ಕ್ಯಾಂಪಿನಲ್ಲಿದ್ದರೆ ಒಂದು ದಿನ ಮನೆಯಲ್ಲಿ. ಉಳಿದಂತೆ ಮನೆಯಲ್ಲಿ ನಾವಿಬ್ಬರೇ ಹೆಂಗಸರು. ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಕಡಲೆಕಾಯಿ ಬಿಡಿಸುತ್ತ ಕೂತರೆ ಅವಳ ಕಡೆಯವರು ಶುರು. ಕಿವಿಗೆ ಮುಚ್ಚಳ ಇಲ್ಲವಲ್ಲ, ಕೇಳಿದೆ. ಒಂದು ತಿಂಗಳು ಬೈದುಕೊಂಡು ಕೇಳಿದೆ. ಎರಡನೆಯ ತಿಂಗಳು ಬೈಯುವುದು ಮರೆತು ಕೇಳಿದೆ.

ಒಟ್ಟು ಏಳು ಕ್ಯಾಸೆಟ್ಟು. ಇಂಗ್ಲೀಷು ಓದಲು ಬಾರದ ನಾನು ಮೇಲಿನ ಚಿತ್ರ ನೋಡಿ ಹೆಸರಿಟ್ಟುಕೊಂಡಿದ್ದೆ. ಬಯಲಿನಲ್ಲಿ ಎಲ್ಲಿಗೂ ಒರಗಿಸದೆ ನಿಂತ ಒಂದು ಏಣಿಯ ಚಿತ್ರ ಇದ್ದದ್ದು ಏಣಿ ಕ್ಯಾಸೆಟ್ಟು. ಬಿಳಿ ಹಕ್ಕಿ ಇದ್ದದ್ದು ಕೊಕ್ಕರೆ. ಆಮೇಲೆ ಕೆಂಪು ಕೊಡೆ, ಮುರಿದ ಕುರ್ಚಿ, ಹೀಗೆ. ಅವಳಿಗೂ ಅದೇ ರೂಢಿಯಾಯಿತು. "ಅತ್ತೆ, ಇವತ್ತು ಕೊಕ್ಕರೆ ಹಾಕ್ಲಾ?" ಅನ್ನುವಳು, ಸಾರಿಗೆ ಕಾಳು ಹಾಕಲಾ ಎಂದು ಕೇಳಿದಷ್ಟೇ ಸಲೀಸಾಗಿ.

ಅವಳಿಗೆ ಎಲ್ಲಕ್ಕಿಂತ ಏಣಿ ಹೆಚ್ಚು. ಎರಡನೆಯದು ಕೊಕ್ಕರೆ. ಕೆಂಪು ಕೊಡೆಯನ್ನು ಲೋಕದವರೆಲ್ಲ ಹೊಗಳುತ್ತಾರಂತೆ, ಅದಕ್ಕೇ ಅವಳಿಗೆ ಅಷ್ಟಕ್ಕಷ್ಟೆ. ಮುರಿದ ಕುರ್ಚಿಯ ಹೊತ್ತಿಗೆ ಡ್ರಮ್ಮು ಬಡಿಯುವವನು ಜಗಳವಾಡಿ ಬಿಟ್ಟುಹೋಗಿ ಹೊಸಬ ಬಂದಿದ್ದನಂತೆ. ಹೊಸಬನ ಕೈ ಚುರುಕು, ಆದರೆ ಹಳಬನ ತೂಕ ಇಲ್ಲ ಅಂತ ಅವಳ ವಾದ. ನಾನೂ ಸುಮ್ಮನಿರುತ್ತಿರಲಿಲ್ಲ. ಕೊಕ್ಕರೆಯ ಮೊದಲ ಹಾಡು ದಿಂಬಂ ಘಾಟಿಯಲ್ಲಿ ಬಸ್ಸು ಗೇರು ಬದಲಾಯಿಸಿದ ಹಾಗೆ ಕೇಳುತ್ತದೆ ಅಂದೆ. ಅವಳಿಗೆ ಸಿಟ್ಟು ಬಂತು. ಮಾರನೆಯ ದಿನ ಮತ್ತೆ ಕೇಳಿ, "ಅತ್ತೆ, ನೀವು ಹೇಳಿದ್ ಮ್ಯಾಲೆ ನಂಗೂ ಬಸ್ಸೇ ಕೇಳುಸ್ತೈತೆ, ಹಾಳು ಮಾಡ್ಬುಟ್ರಿ" ಅಂದಳು.

ಅವಳದೊಂದು ನೇಮ ಇತ್ತು. ಒಂದು ಮಗ್ಗುಲು ಹಾಕಿದರೆ ಕೊನೆ ತನಕ ಕೇಳಬೇಕು, ಬೇಕಾದ ಹಾಡಿಗೆ ಹಾರಬಾರದು. "ಅವ್ರು ಜೋಡ್ಸಿರೋದೇ ಹಂಗೆ ಅತ್ತೆ. ಮದುವೇಲಿ ಧಾರೆಗೆ ಮುಂಚೆ ಊಟ ಹಾಕ್ತಾರಾ?" ಆ ಮಾತು ನನಗೆ ಹಿಡಿಸಿತು. ಸೆಲ್ಲು ಉಳಿಯಲಿ ಅಂತ ಕ್ಯಾಸೆಟ್ಟನ್ನು ಟೇಪಿನಲ್ಲಿ ಹಿಂದಕ್ಕೆ ಓಡಿಸುತ್ತಿರಲಿಲ್ಲ, ಪೆನ್ನು ತೂರಿಸಿ ಕೈಯಲ್ಲೇ ತಿರುಗಿಸುತ್ತಿದ್ದೆವು. ಆ ಕೆಲಸ ನನ್ನದು. ಏಣಿ ಕ್ಯಾಸೆಟ್ಟನ್ನು ಈ ಕೈ ಎಷ್ಟು ಸಲ ಸುತ್ತಿದೆಯೋ ಗೊತ್ತಿಲ್ಲ.

ಗುಂಡ್ಲುಪೇಟೆ ಬಸ್ ನಿಲ್ದಾಣದ ಎದುರಿಗೆ ಆಗ ಒಂದು ಕ್ಯಾಸೆಟ್ಟಿನಂಗಡಿ ಇತ್ತು. ಅಂಗಡಿಯವರು ಮಲಯಾಳದ ಕಡೆಯವರು, ಊರೆಲ್ಲ ಕಾಕಾ ಅನ್ನುತ್ತಿತ್ತು. ಇವಳಿಗೋಸ್ಕರ ಕೋಳಿಕೋಡಿನಿಂದ ಹೇಳಿ ತರಿಸುತ್ತಿದ್ದರು. ಸಂತೆಗೆ ಹೋದಾಗ ಅವಳ ಜೊತೆ ನಾನೂ ಮೆಟ್ಟಿಲು ಹತ್ತುತ್ತಿದ್ದೆ.

"ಮೋಳೆ, ನಿನ್ನ ಪಾರ್ಟಿದು ಹೊಸ್ದು ಬಂದಿದೆ" ಅಂತ ತಮ್ಮ ಭಾಷೆಯಲ್ಲಿ ಮಗಳೇ ಎಂದು ಕರೆದು ಅವಳ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ, "ಅಮ್ಮಾ, ನಿಮ್ಗೆ ಭಕ್ತಿಗೀತೆ ಬೇಡ್ವಾ?" ಅನ್ನುವರು.

"ನನ್ನ ಭಕ್ತಿ ಮನೇಲಿ ಐತೆ. ಇವಳ್ದು ಕೊಟ್ಟು ಕಳ್ಸಿ, ಬಸ್ಸು ಓಯ್ತದೆ" ಅನ್ನುವೆ ನಾನು.

ಅಂದೆನಲ್ಲ, ಅದು ಸುಳ್ಳು. ನನಗೂ ಒಂದು ಹಾಡು ಬೇಕಾಗಿತ್ತು. ಏಣಿ ಕ್ಯಾಸೆಟ್ಟಿನ ಎರಡನೆಯ ಮಗ್ಗುಲು, ಮೂರನೆಯ ಹಾಡು. ಮೊದಲು ಬರೀ ಡ್ರಮ್ಮು. ಹೆಣ ಎತ್ತುವಾಗಿನ ತಮಟೆಯ ಥರ, ಆದರೆ ಅಷ್ಟು ಅವಸರ ಇಲ್ಲ. ಆಮೇಲೆ ಒಬ್ಬ ಸಣ್ಣ ದನಿಯಲ್ಲಿ, ಪಕ್ಕದ ಮನೆಗೆ ಕೇಳದ ಹಾಗೆ ದೂರು ಹೇಳುವವನ ರೀತಿ ಶುರು ಮಾಡುತ್ತಾನೆ. ಕೊನೆಗೆ ಎಲ್ಲರೂ ಒಟ್ಟಿಗೆ ಕೂಗಿ, ಒಂದೇ ಏಟಿಗೆ ನಿಲ್ಲಿಸುತ್ತಾರೆ. ಮೆಲ್ಲಮೆಲ್ಲನೆ ಕರಗುವುದಿಲ್ಲ. ಹೇಳಬೇಕಾದ್ದು ಹೇಳಿ ಎದ್ದುಹೋದ ಹಾಗೆ. ನನಗೆ ಅಂಥವರು ಇಷ್ಟ.

ಒಂದು ದಿನ ಅರ್ಥ ಕೇಳಿದೆ. "ಮನೆ ಬಿಟ್ಟೋಗಿದ್ದವ್ನು ವಾಪಸ್ ಬಂದು, ನನಗೋಸ್ಕರ ಒಂದು ಕಿಟಕಿ ತೆಗೆದಿಟ್ಟಿದ್ದೀರಾ ಅಂತ ಕೇಳ್ತಾನೆ ಅತ್ತೆ" ಅಂದಳು.

"ಕಿಟಕಿಯಾಕೆ? ಬಾಗ್ಲಲ್ಲಿ ಬರಕೇನು ರೋಗ?"

ಮೊರದಲ್ಲಿದ್ದ ಕಡಲೆಬೀಜ ಚೆಲ್ಲುವ ಹಾಗೆ ನಕ್ಕಳು. ನಾನು ನಗಲಿಲ್ಲ. ಆ ಹಾಡು ನನಗೆ ಹಿಡಿಸಿದೆ ಅಂತಲೂ ಹೇಳಲಿಲ್ಲ. ಅತ್ತೆಯಾದವಳು ಎಷ್ಟು ಹೇಳಬೇಕೋ ಅಷ್ಟೇ ಹೇಳಬೇಕು ಅಂತ ನನ್ನ ಅತ್ತೆಯಿಂದ ಕಲಿತಿದ್ದೆ. ಅವರಿಂದ ಕಲಿತ ಬೇರೆ ಯಾವುದೂ ನನ್ನನ್ನು ಇಷ್ಟು ಕೆಡಿಸಲಿಲ್ಲ.

ಸುಮ ಏಳು ತಿಂಗಳ ಬಸುರಿಯಾದಾಗ ತವರಿನವರು ಬಂದು ಮಡಿಲು ತುಂಬಿಸಿ ಚಾಮರಾಜನಗರಕ್ಕೆ ಕರೆದುಕೊಂಡು ಹೋದರು. ಹೆರಿಗೆಯಾಗಿ, ಬಾಣಂತನ ಮುಗಿಸಿ, ಮಗುವಿಗೆ ಐದು ತಿಂಗಳು ತುಂಬಿದ ಮೇಲೆ ಬರುವುದು ಅಂತ ಮಾತಾಯಿತು. ಅಲ್ಲಿ ಅವಳಣ್ಣನ ಮಕ್ಕಳು ಎಲ್ಲವನ್ನೂ ಬಿಚ್ಚಿ ನೋಡುವವರು ಅಂತ ಟೇಪನ್ನೂ ಕ್ಯಾಸೆಟ್ಟಿನ ಡಬ್ಬವನ್ನೂ ಇಲ್ಲೇ ಬಿಟ್ಟಳು. "ಇಲ್ಲಿದ್ರೆ ಭದ್ರವಾಗಿರ್ತವೆ ಅತ್ತೆ" ಅಂದಳು. ನನ್ನ ಮುಖ ನೋಡಿಕೊಂಡೇ ಅಂದಳು.

ಅವಳು ಹೋದ ಮೇಲೆ ಮಧ್ಯಾಹ್ನಗಳು ಉದ್ದವಾದವು. ಒಂದು ವಾರ ತಡೆದೆ. ಎಂಟನೆಯ ದಿನ ಬಾಗಿಲು ಹಾಕಿಕೊಂಡು ಟೇಪು ಇಳಿಸಿದೆ. ಒಳಗಿದ್ದ ಸೆಲ್ಲು ಸತ್ತಿದ್ದವು. ಡಬ್ಬದ ತಳದಲ್ಲಿ ಕಾಗದ ಬಿಚ್ಚದ ನಾಲ್ಕು ಹೊಸ ಸೆಲ್ಲು ಸಿಕ್ಕವು, ಹಾಕಿದೆ. ಏಣಿ ಕ್ಯಾಸೆಟ್ಟು, ಎರಡನೆಯ ಮಗ್ಗುಲು, ನೇಮದ ಪ್ರಕಾರ ಮೊದಲಿನಿಂದ. ಅಲ್ಲಿಂದ ದಿನಾ ಊಟವಾದ ಮೇಲೆ ಅದೇ ಕೆಲಸ. ಕಳ್ಳತನದಲ್ಲಿ ಬೆಲ್ಲ ತಿನ್ನುವ ಮಗು ಇರುತ್ತದಲ್ಲ, ಹಾಗೆ.

ಒಂದು ದಿನ ಚಿಲಕ ಹಾಕುವುದು ಮರೆತೆ.

ನನ್ನ ವಾರಗಿತ್ತಿ ಪುಟ್ಟಮ್ಮಣ್ಣಿ ಜರಡಿ ಕೇಳಿಕೊಂಡು ಬಂದಳು. ಹಿಂದೆ ಬೀದಿಯ ಇನ್ನಿಬ್ಬರು. ಬಾಗಿಲು ತಳ್ಳಿದರೆ ನಾನು ಕಾಲು ಚಾಚಿಕೊಂಡು, ಕಣ್ಣು ಮುಚ್ಚಿಕೊಂಡು, ಮೊರದ ಬೆನ್ನಿನ ಮೇಲೆ ಡ್ರಮ್ಮು ಬಡಿಯುತ್ತಿದ್ದೇನೆ. ತಲೆಯೂ ಆಡುತ್ತಿತ್ತಂತೆ. ಎಷ್ಟು ಹೊತ್ತು ನಿಂತು ನೋಡಿದರೋ ಶಿವನಿಗೇ ಗೊತ್ತು. ನಗು ಕೇಳಿ ಕಣ್ಣು ಬಿಟ್ಟೆ.

"ಅಯ್ಯಯ್ಯೋ, ನೋಡ್ರಮ್ಮಿ ಇವಳ! ಇಂಗ್ಲೀಷ್ ದೊರೆಸಾನಿ ಆಗ್ಬುಟ್ಟವ್ಳೆ!" ಅಂದಳು ಪುಟ್ಟಮ್ಮಣ್ಣಿ. "ಸೊಸೆ ಹೆರಕ್ಕೋದ್ರೆ ಅತ್ತೆ ಇಲ್ಲಿ ಕುಣೀತಾವ್ಳೆ. ಎದ್ದೇಳು, ಪ್ಯಾಂಟು ಒಂದಾಕ್ಕಂಡ್ರೆ ಸರಿಯೋಯ್ತದೆ!"

ಬಾಗಿಲಲ್ಲಿದ್ದ ಇಬ್ಬರೂ ಬಾಯಿಗೆ ಸೆರಗು ಇಟ್ಟುಕೊಂಡರು. ನಾಳೆ ನೀರಿನ ನಲ್ಲಿಯ ಹತ್ತಿರ ಇದೇ ಮಾತು ಅಂತ ಗೊತ್ತಾಯಿತು. ಊರಿನಲ್ಲಿ ಎಲ್ಲರ ಸೊಸೆಯಂದಿರಿಗೂ ಬುದ್ಧಿ ಹೇಳುತ್ತಿದ್ದವಳು ನಾನು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಏ, ಬುಡೆ ಸಾಕು. ಗಿಣಿಗೆ ಕಟ್ಟಕ್ಕೆ ರೀಲು ಬೇಕಿತ್ತು. ಯಾವ್ದು ಗಟ್ಟಿ ಐತೆ ಅಂತ ನೋಡ್ತಾ ಇದ್ದೆ."

ಆಗೆಲ್ಲ ಈ ಮಿಂಚುವ ರಿಬ್ಬನ್ ಇರಲಿಲ್ಲ. ಕೆಟ್ಟುಹೋದ ಕ್ಯಾಸೆಟ್ಟಿನ ರೀಲು ಕಿತ್ತು ಹೊಲಕ್ಕೆ ಕಟ್ಟುತ್ತಿದ್ದರು. ಕೆಟ್ಟುಹೋದದ್ದನ್ನು, ಗಮನಿಸಿ.

ಪುಟ್ಟಮ್ಮಣ್ಣಿ ಒಳಗೆ ಬಂದು ನನ್ನ ಎದುರಿಗೇ ಕೂತೇಬಿಟ್ಟಳು. "ಹಂಗಾ? ಹಂಗಾದ್ರೆ ಕೀಳು, ನೋಡನ. ನಮ್ಮೊಲಕ್ಕೂ ಎರಡು ಕೊಡು, ಗಿಣಿ ಕಾಟ ತಡಿಯಕಾಯ್ತಿಲ್ಲ."

ಅವಳು ನನ್ನನ್ನು ಪರೀಕ್ಷೆ ಮಾಡುತ್ತಿದ್ದಳು. ಅವಳಿಗೂ ಗೊತ್ತು, ನನಗೂ ಗೊತ್ತು. "ಇಲ್ಲ ಕಣೆ, ಕೇಳ್ತಾ ಇದ್ದೆ, ಏನೀಗ?" ಅಂದಿದ್ದರೆ ನಾಲ್ಕು ದಿನ ನಗುತ್ತಿದ್ದರು, ಐದನೆಯ ದಿನ ಬೇರೆ ಯಾರದೋ ಮನೆಯ ಮಾತು ಸಿಗುತ್ತಿತ್ತು. ಎಷ್ಟು ಹೊತ್ತು ಕೊಟ್ಟಿದ್ದರೂ ನನಗೆ ಆಗ ಆ ಉತ್ತರ ಹೊಳೆಯುತ್ತಿರಲಿಲ್ಲ. ಟೇಪು ನಿಲ್ಲಿಸಿ, ಏಣಿ ಕ್ಯಾಸೆಟ್ಟನ್ನು ಹೊರಗೆ ತೆಗೆದು, ಬೆರಳು ಹಾಕಿ ರೀಲು ಎಳೆದೆ. ಮೊದಲು ಎಳೆದದ್ದು ಅದನ್ನೇ. ಹಾಡು ನಡುವಿಗೆ ನಿಂತಿತ್ತು, ಕೂಗುವ ಜಾಗ ಇನ್ನೂ ಬಂದಿರಲಿಲ್ಲ. ಒಂದನ್ನು ಎಳೆದು ಆರನ್ನು ಬಿಟ್ಟರೆ ಅನುಮಾನ ಬರುತ್ತದಲ್ಲ, ಏಳನ್ನೂ ಎಳೆದೆ. ಕೊಕ್ಕರೆಯನ್ನೂ ಕೆಂಪು ಕೊಡೆಯನ್ನೂ ಪುಟ್ಟಮ್ಮಣ್ಣಿಯ ಮಡಿಲಿಗೆ ಹಾಕಿದೆ.

ಉಳಿದ ಐದನ್ನು ಅವತ್ತೇ ಸಂಜೆ ಹೊಲದ ಸುತ್ತ ಕಟ್ಟಿದೆ. ಆಷಾಢದ ಗಾಳಿಗೆ ಎಲ್ಲವೂ ಒಂದೇ ದನಿಯಲ್ಲಿ ಗುಂಯ್ ಅಂದವು. ಗಿಣಿಗಳು ನಾಲ್ಕು ದಿನ ಹೆದರಿದವು. ಐದನೆಯ ದಿನ ರೀಲಿನ ಪಕ್ಕದಲ್ಲೇ ಕೂತು ತಿಂದವು.

ಸುಮ ಬಂದದ್ದು ಕಾರ್ತೀಕದಲ್ಲಿ. ಸೂರ್ಯಕಾಂತಿ ಕುಯ್ದು ಹುರುಳಿ ಬಿತ್ತಿದ್ದೆವು. ಹರಿದ ರೀಲು ಮಾತ್ರ ಬೇಲಿಯಲ್ಲಿ ಅಲ್ಲಲ್ಲಿ ಹಾಗೇ ಇತ್ತು. ಗುಂಡ್ಲುಪೇಟೆಯಿಂದ ಆಟೋ ನಮ್ಮ ಹೊಲದ ಪಕ್ಕದಲ್ಲೇ ಹಾದು ಬರಬೇಕು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಮಗುವನ್ನು ಎತ್ತಿಕೊಂಡು ಇಳಿದವಳ ಮುಖ ನೋಡಿದೆ, ಗೊತ್ತಾಯಿತು.

"ಎಲ್ಲವನ್ನೂ ಕಟ್ಟುದ್ರಾ ಅತ್ತೆ?" ಅಂದಳು, ಆರತಿಯ ನೀರು ಚೆಲ್ಲುವುದಕ್ಕೂ ಮುಂಚೆ.

"ಗಿಣಿ ಕಣವ್ವ. ಒಂದು ಕಾಳು ಬುಡ್ತಿರಲಿಲ್ಲ."

ಬಲಗಾಲಿಟ್ಟು ಒಳಗೆ ಬಂದಳು. ಅಷ್ಟೆ. ಒಂದು ಮಾತು ಜಗಳ ಆಡಲಿಲ್ಲ. ಆಡಿದ್ದರೆ ನಾನೂ ಎರಡು ಆಡಿ ಹಗುರವಾಗುತ್ತಿದ್ದೆ. ಮಾರನೆಯ ದಿನ ಬೆಳಗ್ಗೆ ಮಗುವನ್ನು ನನ್ನ ಕೈಗೆ ಕೊಟ್ಟು ಹೊಲಕ್ಕೆ ಹೋದಳು. ಬೇಲಿಯ ಮುಳ್ಳಿನಿಂದ ಒಂದೊಂದೇ ರೀಲು ಬಿಡಿಸಿ ತೆಂಗಿನಕಾಯಿ ಗಾತ್ರದ ಉಂಡೆ ಮಾಡಿ ತಂದು, ಬಚ್ಚಲೊಲೆಗೆ ಹಾಕಿದಳು. ಕಪ್ಪು ಹೊಗೆ, ಕೆಟ್ಟ ವಾಸನೆ. ಆ ಹಂಡೆಯ ನೀರಿನಲ್ಲೇ ನಾನು ಮೊದಲ ಸಲ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದದ್ದು. ಮಗು ಕಿರುಚಿತು. ಸುಮ ಪಕ್ಕದಲ್ಲಿ ನಿಂತು ನೀರು ಹದ ಮಾಡಿ ಕೊಟ್ಟಳು, "ಸಾಕಾ ಅತ್ತೆ, ಬಿಸಿ ಆಯ್ತಾ ಅತ್ತೆ" ಅಂತ, ದಿನವೂ ಮಾತಾಡುವ ಹಾಗೆಯೇ.

ಅದಾದ ಮೇಲೆ ಅವಳು ಟೇಪು ಮುಟ್ಟಲಿಲ್ಲ. ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು, ಮಕ್ಕಳಿಗೆ ಹಾಡು ಹೇಳಿಕೊಟ್ಟಳು. ನನಗೆ ಜ್ವರ ಬಂದರೆ ಗಂಜಿ ಕಾಯಿಸಿದಳು. ಯಾವುದರಲ್ಲೂ ಕೊರತೆ ಇಲ್ಲ. ಮಧ್ಯಾಹ್ನ ಕಡಲೆಕಾಯಿ ಬಿಡಿಸುವಾಗ ಸಿಪ್ಪೆ ಒಡೆಯುವ ಸದ್ದು ಮಾತ್ರ. ನೋಡಿದವರೆಲ್ಲ ಎಂಥ ಹೊಂದಿಕೆ ಅತ್ತೆ ಸೊಸೆಗೆ ಅಂದರು. ನಾನು ಹೂಂ ಅಂದೆ.

ಇಷ್ಟೂ ವರ್ಷ ಗಿಣಿಯ ಹೆಸರು ಹೇಳಿಕೊಂಡು ಬದುಕಿದೆ. ಇನ್ನೂ ಬದುಕುತ್ತಿದ್ದೆ, ಮೊಮ್ಮಗಳು ಚೈತ್ರ ಇಲ್ಲದಿದ್ದರೆ. ಆ ಬಚ್ಚಲ ನೀರಿನ ಮಗು ಈಗ ಚಾಮರಾಜನಗರದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಾಳೆ, ಭಾನುವಾರ ಬರುತ್ತಾಳೆ. ರಿಬ್ಬನ್ ಕಟ್ಟಿದ ವಾರವೇ ಬಂದು, ಫೋನು ಹಿಡಿದುಕೊಂಡು ನನ್ನ ಪಕ್ಕ ಕೂತಳು. ಅವರಮ್ಮನ ಹಳೆಯ ಫೋಟೋದಲ್ಲಿ ಕ್ಯಾಸೆಟ್ಟು ನೋಡಿ, ಮೇಳ ಯಾವುದು ಅಂತ ಹುಡುಕಿ ತೆಗೆದಿದ್ದಳು. ಹುಟ್ಟುಹಬ್ಬಕ್ಕೆ ಅಮ್ಮನಿಗೆ ಇಷ್ಟವಾದ ಹಾಡನ್ನೆಲ್ಲ ಸೇರಿಸಿ ಕೊಡಬೇಕಂತೆ. ಅಮ್ಮನನ್ನು ಕೇಳಿದರೆ "ಮರ್ತೋಗೈತೆ ಬುಡು" ಅನ್ನುತ್ತಾಳಂತೆ.

"ಅವ್ರು ಇನ್ನೂ ಹಾಡ್ತಾರೆ ಅಜ್ಜಿ, ಗೊತ್ತಾ? ಎಪ್ಪತ್ತಾಗಿದೆ, ಇನ್ನೂ ನಿಲ್ಸಿಲ್ಲ."

ತೋರಿಸಿದಳು. ಉದ್ದ ಕೂದಲೆಲ್ಲ ಉದುರಿತ್ತು. ಒಬ್ಬ ಕುರ್ಚಿಯಲ್ಲಿ ಕೂತು ಬಾರಿಸುತ್ತಿದ್ದ, ನನ್ನ ಹಾಗೆ ಮಂಡಿನೋವಿರಬೇಕು. ಆಮೇಲೆ ಒಂದರ ಹಿಂದೆ ಒಂದು ಹಾಡು ಹಾಕುತ್ತ ಹೋದಳು. ನಾನು ಸುಮ್ಮನಿರಬೇಕಿತ್ತು.

"ತಪ್ಪು ಕಣಮ್ಮಿ. ಅದಾದ್ ಮ್ಯಾಲೆ ಇದು ಬರಕೂಡ್ದು. ಇದು ಕೊಕ್ಕರೇದು. ಏಣೀಲಿ ಅದಾದ್ ಮ್ಯಾಲೆ ಬರೀ ಡ್ರಮ್ಮಿಂದ ಶುರುವಾಯ್ತದಲ್ಲ, ಅದು."

ಚೈತ್ರ ಬಾಯಿ ಬಿಟ್ಟುಕೊಂಡು ನೋಡಿದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸುಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಎರಡ್ನೇ ಮಗ್ಗುಲು. ಮೂರ್ನೇದು" ಅಂದೆ. ಇನ್ನು ಒಳಗೆ ಇಟ್ಟುಕೊಳ್ಳಲು ಜಾಗ ಇರಲಿಲ್ಲ. "ಗಿಣಿಗಲ್ಲ ಸುಮ ಅದ್ನ ಕಿತ್ತಿದ್ದು. ನೀನಿಲ್ದಾಗ ದಿನಾ ಕದ್ದು ಕೇಳ್ತಿದ್ದೆ. ಪುಟ್ಟಮ್ಮಣ್ಣಿ ಬಂದು ನೋಡ್ಬುಟ್ಟು ನಕ್ಕಳು. ಅವಳ ಮುಂದೆ ನಾಚ್ಕೆ ಆಯ್ತು ಅಂತ ನಿನ್ ಏಳನ್ನೂ ಕಿತ್ತಾಕ್ದೆ. ಇಷ್ಟೇ ಇರಾದು."

ಸುಮ ಸೆರಗಿಗೆ ಕೈ ಒರೆಸಿಕೊಂಡಳು. ತುಂಬ ಹೊತ್ತು ಒರೆಸಿಕೊಂಡಳು.

"ನಾಲ್ಕು ಹೊಸ ಸೆಲ್ಲು ಡಬ್ಬದ ತಳದಲ್ಲಿ ಇಟ್ಟೋಗಿದ್ದೆ ಅತ್ತೆ" ಅಂದಳು. "ಬಂದ ಮ್ಯಾಲೆ ಮಗೂಗೆ ಹಾಕನ ಅಂತ. ಬಂದು ನೋಡುದ್ರೆ ಅವು ಟೇಪಿನೊಳಗಿದ್ವು. ಮುಗ್ದೋಗಿದ್ವು."

ನನಗೆ ತಲೆಯೆತ್ತಲು ಆಗಲಿಲ್ಲ.

"ಗಿಣಿಗೆ ಯಾರೂ ಸೆಲ್ಲು ಹಾಕಲ್ಲವಲ್ಲ ಅತ್ತೆ. ಕೇಳವ್ರೆ ಅಂತ ಅವತ್ತೇ ಗೊತ್ತಾಯ್ತು. ಯಾಕೆ ಕಿತ್ರು ಅಂತ ಮಾತ್ರ ಗೊತ್ತಾಗ್ಲಿಲ್ಲ. ನೀವೇ ಹೇಳ್ತೀರಿ ಅಂತ ಸುಮಾರು ವರ್ಷ ಕಾದೆ. ಆಮೇಲೆ ಕಾಯೋದು ಬುಟ್ಟೆ."

ಪರವಾಗಿಲ್ಲ ಅನ್ನಲಿಲ್ಲ ಅವಳು. ಅನ್ನದಿದ್ದದ್ದು ಒಳ್ಳೆಯದಾಯಿತು, ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಮೊರ ತಂದು ನನ್ನ ಎದುರಿಗೆ ಇಟ್ಟಳು. ಚೀಲದಿಂದ ಕಡಲೆಕಾಯಿ ಸುರಿದಳು. ಮಗಳಿಗೆ, "ಏಣೀದು ಎರಡ್ನೇ ಮಗ್ಗುಲು ಮೊದಲಿಂದ ಹಾಕು. ಮಧ್ಯಕ್ಕೆ ಹಾರಬ್ಯಾಡ" ಅಂದಳು.

ಮೂರನೆಯ ಹಾಡಿನ ಡ್ರಮ್ಮು ಶುರುವಾಗುವ ಹೊತ್ತಿಗೆ ಬೀದಿಯಲ್ಲಿ ಕೋಲಿನ ಸದ್ದು. ಪುಟ್ಟಮ್ಮಣ್ಣಿ. ಅವಳಿಗೂ ವಯಸ್ಸಾಗಿದೆ, ಕಣ್ಣು ಮಂಜು, ಕಿವಿ ಮಾತ್ರ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಚೈತ್ರ ಸದ್ದು ಕಡಿಮೆ ಮಾಡಲು ಫೋನಿಗೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ. ಬಾಗಿಲು ಹಾರು ಹೊಡೆದಿತ್ತು. ಸುಮ ಸಿಪ್ಪೆ ಒಡೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

ಪುಟ್ಟಮ್ಮಣ್ಣಿ ಜಗಲಿಗೆ ಕೋಲು ಊರಿ ನಿಂತು, ಹಲ್ಲಿಲ್ಲದ ಬಾಯಲ್ಲಿ ನಕ್ಕಳು.

"ಏನಮ್ಮಿ, ಇನ್ನೂವೆ ಗಿಣಿ ಓಡುಸ್ತಾ ಇದ್ದೀಯಾ?"

"ಇಲ್ಲ ಕಣೆ" ಅಂದೆ. "ಹಾಡು ಕೇಳ್ತಾ ಇವ್ನಿ. ಸುಮ್ನೆ ಕೂತ್ಕೊ, ಈಗ ಎಲ್ರೂ ಕೂಗ್ತಾರೆ."